ಕೂಗಿದ್ದು ಒಂದೇ

ಆ ಕಂಪನಿಯಲ್ಲಿ ಕರೆಂಟಿನ ವಿಷಯಕ್ಕೆ ಆಗುತ್ತಿದ್ದಷ್ಟು ಜಗಳ ಸಂಬಳದ ವಿಷಯಕ್ಕೂ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ವಿಭಾಗದ ಮುಖ್ಯಸ್ಥ. ಬೆನ್ನ ಹಿಂದೆ ಎಲ್ಲರೂ ಅವನನ್ನು ಚಿಲ್ಲರೆ ಸಾಹೇಬ ಎನ್ನುತ್ತಿದ್ದರು. ಸೊಳ್ಳೆಯ ರೆಕ್ಕೆ ಅಲುಗಿಸಲೂ ಸಾಲದಷ್ಟು ಕರೆಂಟನ್ನು ಯಾರಾದರೂ ಹೆಚ್ಚಿಗೆ ಕೇಳಿದರೆ, ತನ್ನ ಜೇಬಿಗೇ ಕೈ ಹಾಕಿದರೇನೋ ಎಂಬಂತೆ ಮುಖ ಸಿಂಡರಿಸುತ್ತಿದ್ದ. ಬ್ಯಾಟರಿ ಎರಡು ವರ್ಷ ಬರಬೇಕು ಎಂದು ಗಿರಾಕಿಗೆ ಮಾತು ಕೊಟ್ಟಿದ್ದವನು ಅವನು. ಕೊಟ್ಟ ಮಾತನ್ನು ಉಳಿಸಿಕೊಡಬೇಕಾದವರು ಮಾತ್ರ ಬೇರೆಯವರು.

ಅವರಲ್ಲಿ ಒಬ್ಬಳು ರಿಸೀವರ್ ಸರ್ಕೀಟು ಮಾಡುತ್ತಿದ್ದ ಇಂಜಿನಿಯರು. ಮನೆಯಲ್ಲಿ ಅವಳನ್ನು ಬಾಯಿ ತುಂಬ ಅಕ್ಕಾ ಎಂದು ಕರೆಯುವ ತಂಗಿಯೊಬ್ಬಳಿದ್ದಳು. ಇದು ಆ ಅಕ್ಕ-ತಂಗಿಯರ ಕಥೆ.

ರಿಸೀವರಿನ ಕೆಲಸ ಹೇಳಲು ಸುಲಭ. ಮೆಮೊರಿ ಚಿಪ್ಪಿನಿಂದ ಬರುವ ಸಿಗ್ನಲ್ಲು ಒಂದೋ ಸೊನ್ನೆಯೋ ಎಂದು ಅದು ತೀರ್ಮಾನಿಸಬೇಕು. ನಡುವೆ ಒಂದು ಗೆರೆ ಇಟ್ಟುಕೊಂಡಿರುತ್ತದೆ. ವೋಲ್ಟೇಜು ಗೆರೆಯ ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಆದರೆ ಎಲ್ಲ ಮೆಮೊರಿಗಳೂ ಒಂದೇ ಗಂಟಲಲ್ಲಿ ಮಾತಾಡುವುದಿಲ್ಲ. ಒಬ್ಬ ತಯಾರಕನದು ಒಂದು ವೋಲ್ಟಿನ ಹತ್ತಿರ ಏರಿ ಗಟ್ಟಿಯಾಗಿ ಹೇಳುತ್ತದೆ, ಇನ್ನೊಬ್ಬನದು ಅದರ ಅರ್ಧಕ್ಕೇ ಏರಿ ಪಿಸುಗುಡುತ್ತದೆ. ಖರೀದಿಯವರು ಇವತ್ತು ಇವನದು, ನಾಳೆ ಅವನದು ಎಂದು ಸಿಕ್ಕಿದ್ದನ್ನು ತರುತ್ತಾರೆ. ಹಾಗಾಗಿ ಗೆರೆ ಒಂದೇ ಕಡೆ ಬೇರೂರಿ ಕೂರುವಂತಿಲ್ಲ. ಬಂದ ಸಿಗ್ನಲ್ಲಿನ ಎತ್ತರ ನೋಡಿ ಅದರ ಮಧ್ಯಕ್ಕೆ ತಾನಾಗಿ ಸರಿದು ನಿಲ್ಲಬೇಕು. ಅಕ್ಕ ಮಾಡಿದ್ದು ಅಂಥ ಸರ್ಕೀಟು, ಮತ್ತು ಚೆನ್ನಾಗಿಯೇ ಮಾಡಿದ್ದಳು. ಗೆರೆಯನ್ನು ಹಿಡಿದು ನಿಲ್ಲಿಸಲು ಮಾತ್ರ ಒಂದಿಷ್ಟು ಕರೆಂಟು ಯಾವಾಗಲೂ ಹರಿಯುತ್ತಿರಬೇಕಾಗಿತ್ತು. ಚಿಲ್ಲರೆ ಸಾಹೇಬನ ಕಣ್ಣು ಬಿದ್ದದ್ದು ಅದರ ಮೇಲೆ.

"ಇದು ಹಗಲೂ ರಾತ್ರಿ ಎಚ್ಚರ ಇರೋದ್ಯಾಕಮ್ಮಾ? ಮೆಮೊರಿ ಓದೋದು ಆನ್ ಮಾಡಿದಾಗ ಒಂದ್ಸಲ. ಮಿಕ್ಕ ಹೊತ್ತು ಮಲಗಿಸು."

"ಮಲಗಿಸಿದ್ರೆ ಏಳೋಕೆ ಹೊತ್ತು ಬೇಕು ಸರ್. ಚಳಿ ಇದ್ರೆ ಇನ್ನೂ ನಿಧಾನ."

"ಚಳೀಲಿ ನಾನೂ ನಿಧಾನವಾಗೇ ಏಳೋದು," ಎಂದು ಅವನು ನಕ್ಕ. ಮೇಜಿನ ಸುತ್ತ ಕೂತಿದ್ದವರೆಲ್ಲ ನಕ್ಕರು. ಸಾಹೇಬ ನಕ್ಕಾಗ ಸುಮ್ಮನಿರುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಅಕ್ಕ ಮಲಗಿಸಿದಳು. ಕರೆಂಟು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು, ಸಾಹೇಬ ಎಲ್ಲರೆದುರು ಅವಳ ಬೆನ್ನು ತಟ್ಟಿದ.

ಚಿಪ್ಪು ಮಾಡುವವರಲ್ಲಿ ಒಂದು ಪದ್ಧತಿ ಇದೆ. ಕಡಿಮೆ ವೋಲ್ಟಿನ ಜೊತೆ ವಿಪರೀತ ಚಳಿ, ಹೆಚ್ಚು ವೋಲ್ಟಿನ ಜೊತೆ ವಿಪರೀತ ಸೆಕೆ, ಹೀಗೆ ಅತಿಗಳನ್ನೆಲ್ಲ ಜೋಡಿಸಿ ಕಂಪ್ಯೂಟರಿನಲ್ಲಿ ಸರ್ಕೀಟನ್ನು ಹಿಂಡಿ ನೋಡುತ್ತಾರೆ. ಇಂಥ ಒಂದೊಂದು ಜೋಡಿಗೂ ಕಾರ್ನರ್ ಎಂದು ಹೆಸರು. ಎಲ್ಲ ಕಾರ್ನರಿನಲ್ಲೂ ಗೆದ್ದರೆ ಪಾಸು. ಒಂದೇ ಒಂದು ಕಾರ್ನರ್ ಸೋತಾಗ ಇನ್ನೊಂದು ಪದ್ಧತಿಯೂ ಇದೆ. ಅಂಥ ಪರಿಸ್ಥಿತಿ ಬರುವುದೇ ಇಲ್ಲ ಎಂದು ಎಲ್ಲರೂ ಕೂತು ಒಪ್ಪಿಕೊಂಡು ಅದನ್ನು ಹೊಡೆದುಹಾಕುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ಅವಳಿಗಿಂತ ಜಾಣರು, ನೆಲವನ್ನೇ ಇಲ್ಲ ಎಂದುಬಿಡುತ್ತಾರೆ.

ಅಕ್ಕನ ಸರ್ಕೀಟು ಸೋತ ಕಾರ್ನರ್ ಇದು: ಪಿಸುಗುಡುವ ಮೆಮೊರಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಮಲಗಿದ್ದ ಗೆರೆ ಎದ್ದು ತನ್ನ ಜಾಗಕ್ಕೆ ಇಳಿಯುವುದರೊಳಗೆ ಮೆಮೊರಿಯ ಮೊದಲ ಮಾತುಗಳು ಬಂದು ಹೋಗಿರುತ್ತಿದ್ದವು. ಗೆರೆ ಇನ್ನೂ ಮೇಲೆಯೇ ಇದ್ದದ್ದರಿಂದ ಒಂದುಗಳೆಲ್ಲ ಸೊನ್ನೆಗಳಾಗಿ ಓದಿಕೊಳ್ಳುತ್ತಿದ್ದವು.

ಅಕ್ಕನ ಸರ್ಕೀಟು ಇದ್ದ ಚಿಪ್ಪು ಹೋಗಬೇಕಾಗಿದ್ದದ್ದು ಕೆಲಸಗಾರರು ಅಂಗಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಡಬ್ಬಿಗೆ. ಗಾಳಿಯಲ್ಲಿ ವಿಷದ ಅನಿಲ ಹೆಚ್ಚಾದರೆ ಅದು ಕೂಗಿಕೊಳ್ಳುತ್ತದೆ.

"ಸರ್, ಮೆಮೊರಿಯಿಂದ ಮೊದಲು ಓದೋದೇ ಸೆನ್ಸರಿನ ಅಳತೆ, ಅನಿಲ ಎಷ್ಟಿದೆ ಅಂತ ಗುಣಿಸೋದು ಅದರಿಂದಲೇ," ಎಂದಳು ಅಕ್ಕ. "ಅದು ಸೊನ್ನೆ ಆಗ್ಬಿಟ್ರೆ ಸುತ್ತ ಎಷ್ಟೇ ಅನಿಲ ಇದ್ರೂ ಸೊನ್ನೆ ಅಂತಾನೇ ತೋರ್ಸುತ್ತೆ."

"ಓದಿದ ಅಂಕಿಗಳನ್ನ ಕೂಡಿ, ಮೆಮೊರೀಲಿ ಬರೆದಿಟ್ಟ ಮೊತ್ತದ ಜೊತೆ ತಾಳೆ ನೋಡುತ್ತಲ್ಲ? ತಪ್ಪಾಗಿ ಓದಿದ್ರೆ ಅಲ್ಲಿ ಸಿಕ್ಕಿಬೀಳುತ್ತೆ."

"ಎಲ್ಲಾ ಸೊನ್ನೆ ಆದ್ರೆ ಕೂಡಿದ್ರೂ ಸೊನ್ನೆ, ಬರೆದಿಟ್ಟ ಮೊತ್ತಾನೂ ಸೊನ್ನೆ ಅಂತಾನೇ ಓದುತ್ತೆ, ತಾಳೆ ಆಗೇ ಆಗುತ್ತೆ. ಹಸಿರು ದೀಪಾನೂ ಉರಿಯುತ್ತೆ."

ಸಾಹೇಬ ಪೆನ್ನಿನ ಮುಚ್ಚಳ ಹಾಕಿದ. "ನೋಡಮ್ಮ, ಇದನ್ನ ಮನುಷ್ಯ ಮೈಮೇಲೆ ಹಾಕ್ಕೊಳ್ಳೋದು. ಮೈ ಬೆಚ್ಚಗಿರುತ್ತೆ. ಮೈಮೇಲಿರೋ ಡಬ್ಬಿ ಮೈನಸ್ ಇಪ್ಪತ್ತಾಗಿದೆ ಅಂದ್ರೆ ಆ ಮನುಷ್ಯ ಆಗ್ಲೇ ಸತ್ತಿರ್ತಾನೆ. ಸತ್ತೋನಿಗೆ ಅಲಾರಂ ಯಾಕೆ?"

ಮತ್ತೆ ಎಲ್ಲರೂ ನಕ್ಕರು. ಕಾರ್ನರ್ ಹೊಡೆದುಹಾಕಿದ್ದಾಯಿತು, ಸುತ್ತ ಕೂತಿದ್ದವರೆಲ್ಲ ಸಹಿ ಹಾಕಿದರು. ಅಕ್ಕನೂ ಹಾಕಿದಳು. ಅವಳಿಗೆ ಸಿಟ್ಟು ಬಂದಿತ್ತು, ನಿಜ. ಆದರೆ ಸಿಟ್ಟು ಬಂದವರ ಸಹಿಯೂ ಬಾರದವರ ಸಹಿಯೂ ನೋಡಲು ಒಂದೇ ಥರ ಇರುತ್ತದೆ.

ಅಕ್ಕ-ತಂಗಿಯರದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಅಪ್ಪ ಅಮ್ಮ ಹೋದ ಮೇಲೆ ಒಬ್ಬರಿಗೊಬ್ಬರೇ ದಿಕ್ಕು. ಇದ್ದದ್ದು ಒಂದೇ ಮೇಜು, ಅದರ ಮೇಲೆ ಅಕ್ಕನ ಬೆಸುಗೆ ಕಡ್ಡಿಯೂ ತಂಗಿಯ ಬಾಚಣಿಗೆಯೂ ಜಾಗಕ್ಕಾಗಿ ಕಿತ್ತಾಡುತ್ತಿದ್ದವು. ತಂಗಿ ಓದಿನಲ್ಲಿ ಹಿಂದೆ, ಮಾತಿನಲ್ಲಿ ಎರಡು ಊರು ಮುಂದೆ. ಕೈಗಾರಿಕೆಗಳಿದ್ದ ಆ ರಸ್ತೆಯಲ್ಲೇ, ಅಕ್ಕನ ಕಂಪನಿಯಿಂದ ಕೂಗಳತೆ ದೂರದಲ್ಲಿದ್ದ ಶೈತ್ಯಾಗಾರದಲ್ಲಿ ಅವಳಿಗೆ ಕೆಲಸ. ಹೆಪ್ಪುಗಟ್ಟಿಸಿದ ತರಕಾರಿಯ ಪೆಟ್ಟಿಗೆಗಳನ್ನು ಸಾಲಿನಿಂದ ಎಳೆದು ಗಾಡಿಗೆ ಹೇರುವುದು. ಸಂಜೆ ಬಂದವಳೇ ತಣ್ಣಗಿನ ಅಂಗೈಗಳನ್ನು ಅಕ್ಕನ ಕತ್ತಿಗೆ ಒತ್ತುವಳು, ಅಕ್ಕ ಕಿರುಚುವಳು, ಆಮೇಲೆ ಇಬ್ಬರೂ ಊಟಕ್ಕೆ ಕೂರುವರು.

ಒಂದು ಸಂಜೆ ಊಟಕ್ಕೆ ಕೂತಾಗ ತಂಗಿ ಹೇಳಿದಳು: "ಅಕ್ಕಾ, ನಿಮ್ಮ ಕಂಪನಿ ಡಬ್ಬಿ ನಮ್ಗೂ ಬಂತು ಕಣೇ. ಗೋಡೆಗೆ ದೊಡ್ಡ ಅಲಾರಂ ಹಾಕಿಸ್ತೀವಿ ಅಂತಿದ್ರಲ್ಲ, ಅದರ ಬದಲು ಇದನ್ನೇ ಆಳಿಗೊಂದು ಕೊಟ್ಟಿದಾರೆ."

ಅಲ್ಲಿನ ಕೊಳವೆಗಳಲ್ಲಿ ತಂಪಿಗಾಗಿ ಹರಿಯುವುದು ಇಂಗಾಲದ ಡೈಆಕ್ಸೈಡು, ನಾವು ಉಸಿರಾಗಿ ಹೊರಗೆ ಬಿಡುವ ಅನಿಲವೇ. ವಾಸನೆ ಇಲ್ಲ, ಬಣ್ಣ ಇಲ್ಲ. ಸೋರಿದರೆ ಭಾರಕ್ಕೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಬಗ್ಗಿದವರು ಬಗ್ಗಿದಲ್ಲೇ ಉರುಳುತ್ತಾರೆ.

"ಎಲ್ಲಿ ಇಟ್ಕೊಳ್ತೀರ ಅದನ್ನ?" ಎಂದಳು ಅಕ್ಕ.

"ಬಾಗಿಲ ಒಳಗಡೆ ಕೊಕ್ಕೆ ಹೊಡ್ಸಿದಾರೆ, ಅಲ್ಲಿ ನೇತುಹಾಕೋದು. ಹೊರಗಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ನಮ್ಮ ಮೇಸ್ತ್ರಿಗೆ ಭಯ. ಒಳಗೆ ಹೋಗಿದ್ದೇ ಕೋಟಿಗೆ ಸಿಕ್ಕಿಸ್ಕೊಂಡು ಗುಂಡಿ ಒತ್ತೋದು. ಹಸಿರು ದೀಪ ಬಂತಾ, ಕೆಲಸ ಶುರು."

"ಒಳಗಡೆ ಅಂದ್ರೆ?"

"ಒಳಗಡೆ ಅಂದ್ರೆ ಒಳಗಡೆ. ಮೈನಸ್ ಇಪ್ಪತ್ತು. ಯಾಕೆ, ನಿನ್ನ ಡಬ್ಬಿಗೆ ಶೀತ ಆಗುತ್ತಾ?"

ಬರುವುದೇ ಇಲ್ಲ ಎಂದು ಅಕ್ಕ ಸಹಿ ಹಾಕಿದ್ದ ಪರಿಸ್ಥಿತಿ ಕೂಗಳತೆ ದೂರದಲ್ಲಿ ಕೊಕ್ಕೆಗೆ ನೇತಾಡುತ್ತಿತ್ತು.

ಮರುದಿನ ಅವಳು ಖರೀದಿಯವರನ್ನು ವಿಚಾರಿಸಿದಳು. ಶೈತ್ಯಾಗಾರಕ್ಕೆ ಹೋದ ಡಬ್ಬಿಗಳಲ್ಲಿ ಪಿಸುಗುಡುವ ಮೆಮೊರಿಯೇ ಇತ್ತು. ನೇರ ಚಿಲ್ಲರೆ ಸಾಹೇಬನ ಕೋಣೆಗೆ ಹೋದಳು. ಅವನು ಕೇಳಿಸಿಕೊಂಡ, ಕಿಟಕಿ ನೋಡಿದ, ಬಾಗಿಲು ಹಾಕಿಕೊಂಡು ಬಂದ.

"ಕೈಪಿಡೀಲಿ ಮೈಮೇಲೆ ಧರಿಸಿ ಅಂತ ಸ್ಪಷ್ಟವಾಗಿದೆ. ಗೋಡೆಗೆ ನೇತುಹಾಕಿದ್ರೆ ಅದು ಅವರ ತಪ್ಪು. ಆಯ್ತು, ನಾನು ಅವರಿಗೆ ಒಂದು ಮಾತು ಬರೀತೀನಿ. ಮುಂದಿನ ಚಿಪ್ಪಲ್ಲಿ ನೀನು ಸರಿ ಮಾಡು. ಆದ್ರೆ ಹೊರಗಡೆ ಒಂದಕ್ಷರ ಆಡಿದೆ ಅಂತ ಗೊತ್ತಾದ್ರೆ ನಾನು ಏನೂ ಮಾಡೋಕಾಗಲ್ಲಮ್ಮ. ಬಾಯಿ ಮುಚ್ಕೊಂಡಿರ್ತೀನಿ ಅಂತ ಒಪ್ಪಿಕೊಂಡೇ ಅಲ್ವಾ ನೀನು ಕೆಲಸಕ್ಕೆ ಸೇರಿದ್ದು?"

ಅವನು ಬರೆಯಲಿಲ್ಲ. ಬರೆಯುತ್ತಾನೆ ಎಂದು ಅಕ್ಕ ನಂಬಿದ್ದೂ ಇಲ್ಲ. ನಂಬಿದ್ದರೆ ಅವತ್ತೇ ಸಂಜೆ ತಂಗಿಗೆ ಹಾಗೆ ಹೇಳುತ್ತಿರಲಿಲ್ಲ.

"ಆ ಡಬ್ಬಿನ ಕೊಕ್ಕೆಗೆ ಹಾಕ್ಬೇಡ ನೀನು. ಅಂಗಿ ಒಳಗೆ ಮೈಗೆ ತಾಗೋ ಹಾಗೆ ಇಟ್ಕೋ, ಮೂತಿ ಮಾತ್ರ ಕತ್ತಿನ ಹತ್ರ ಹೊರಗಿರ್ಲಿ. ಮನೆಗೇ ತಗೊಂಡು ಬಾ. ಹೊರಗಡೆನೇ ಆನ್ ಮಾಡ್ಕೊಂಡು ಒಳಗೆ ಹೋಗು."

"ಯಾಕೆ?"

"ಬ್ಯಾಟರಿ ಬಾಳಿಕೆ ಬರುತ್ತೆ."

"ಬ್ಯಾಟರಿ ಏನು ನಮ್ಮಪ್ಪನ ಮನೇದಾ?" ತಂಗಿ ನಕ್ಕಳು. "ಸರಿ, ಎಲ್ಲಾರ್ಗೂ ಹೇಳ್ತೀನಿ ಬಿಡು."

"ಬೇಡ, ಬೇಡ. ನೀನಿಟ್ಕೋ, ಸಾಕು. ನನ್ನ ಮೇಲೆ ಆಣೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೆಲಸ ಉಳಿಯಬೇಕು, ತಂಗಿಯೂ ಉಳಿಯಬೇಕು. ಅಲ್ಲಿ ಕೆಲಸ ಮಾಡುತ್ತಿದ್ದ ಉಳಿದ ಹೆಂಗಸರೂ ಯಾರಿಗೋ ಅಕ್ಕನೋ ತಂಗಿಯೋ ಆಗಿದ್ದರು ಎಂಬುದು ಅಕ್ಕನಿಗೆ ಹೊಳೆಯಲಿಲ್ಲವೇ? ಹೊಳೆಯಿತು. ಹೊಳೆದದ್ದನ್ನು ಅವಳು ಪಕ್ಕಕ್ಕೆ ಸರಿಸಿದಳು, ಮುಂದಿನ ಚಿಪ್ಪಿನ ಕೆಲಸವನ್ನು ಎರಡರಷ್ಟು ವೇಗದಲ್ಲಿ ಮಾಡತೊಡಗಿದಳು. ಎಚ್ಚರದ ಕರೆಂಟನ್ನು ಸಾಹೇಬನಿಗೆ ಕಾಣದಂತೆ ಚೂರು ಚೂರಾಗಿ ಹಿಂದಕ್ಕೆ ಸೇರಿಸಿದಳು. ಅದು ತಯಾರಾಗಿ ಬರಲು ಇನ್ನೂ ತಿಂಗಳುಗಳಿದ್ದವು.

ತಂಗಿ ಆಣೆ ಮುರಿಯಲಿಲ್ಲ. ಡಬ್ಬಿಯನ್ನು ಎದೆಗೆ ಅವುಚಿಕೊಂಡೇ ಹೋದಳು, ಬಂದಳು. ಅವಳ ಜೊತೆಯವರಲ್ಲಿ ಎಲ್ಲರಿಗಿಂತ ಹಿರಿಯಳಾದ, ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದ ಹೆಂಗಸು ದಿನಾ ಅವಳನ್ನು ಕಾಡುತ್ತಿದ್ದಳು. "ಏನೇ, ಕಾವಿಗೆ ಕೂತಿದೀಯಾ? ಮರಿ ಯಾವಾಗ ಹೊರಗೆ ಬರುತ್ತೆ?"

"ಬಂದ್ರೆ ಮೊದಲು ನಿನ್ನನ್ನೇ ಕುಕ್ಕುತ್ತೆ, ಸುಮ್ನಿರು ದೊಡ್ಡಮ್ಮಾ."

ಹೀಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಹೊರಗೆ ಲಾರಿ ನಿಂತಿತ್ತು, ಡ್ರೈವರು ಹಾರನ್ನು ಹೊಡೆಯುತ್ತಲೇ ಇದ್ದ. ತಂಗಿ ಹಿಂದಿನ ಸಾಲಿನಲ್ಲಿ ಕೆಳಗಿನ ಪೆಟ್ಟಿಗೆಗೆ ಬಗ್ಗಿದಳು. ಕತ್ತಿನ ಹತ್ತಿರ ಡಬ್ಬಿ ಕೂಗಿತು. ಅವಳು ಕೈಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಓಡಿದಳು, ಅವಳನ್ನು ನೋಡಿ ಉಳಿದವರೂ ಓಡಿದರು. ಮೇಸ್ತ್ರಿ ಬಂದ. ಒಬ್ಬೊಬ್ಬರ ಕೋಟಿನ ಮೇಲಿದ್ದ ಡಬ್ಬಿಯನ್ನೂ ನೋಡಿದ. ಎಲ್ಲದರಲ್ಲೂ ಹಸಿರು ದೀಪ, ಎಲ್ಲದರಲ್ಲೂ ಸೊನ್ನೆ. ಅವನೇನೂ ಕೆಟ್ಟ ಮನುಷ್ಯನಲ್ಲ. ದೊಡ್ಡಮ್ಮನ ಡಬ್ಬಿ ಇಸಿದುಕೊಂಡು, ಉಸಿರು ಬಿಗಿಹಿಡಿದು ಹಿಂದಿನ ಸಾಲಿನ ತನಕ ತಾನೇ ಹೋಗಿ, ನೆಲದ ಹತ್ತಿರ ಹಿಡಿದು ನೋಡಿ ಬಂದ. ಅಲ್ಲೂ ಸೊನ್ನೆ.

"ಇಷ್ಟು ಜನರದ್ದು ಸುಮ್ನಿದೆ, ನಿಂದೊಂದು ಬಾಯಿ ಬಡ್ಕೊಳ್ತಿದೆ," ಎಂದ. "ಅಂಗಿ ಒಳಗೆ ಇಟ್ಕೊಂಡ್ರೆ ಇನ್ನೇನಾಗುತ್ತೆ? ನಿನ್ನ ಉಸಿರಿಗೇ ಕೂಗ್ತಿದೆ ಅದು."

ಎಲ್ಲರಿಗೂ ಅದು ಸರಿ ಎನ್ನಿಸಿತು. ತಂಗಿಗೂ ಸರಿ ಎನ್ನಿಸಿತು. ಅವಳೊಬ್ಬಳೇ ತಾನೇ ಡಬ್ಬಿಯನ್ನು ಎಲ್ಲರ ಹಾಗೆ ಇಡದೆ ಬೇರೆ ಥರ ಇಟ್ಟುಕೊಂಡದ್ದು? ಬೆವರು ಹೋಗಿರಬೇಕು, ಉಸಿರು ಹೋಗಿರಬೇಕು. ಕೆಟ್ಟಿದ್ದರೆ ತನ್ನದೇ ಕೆಟ್ಟಿರಬೇಕು. ಕಂಪನಿಯ ಇಂಜಿನಿಯರಿನ ತಂಗಿ ಎಂದು ಹೆಮ್ಮೆಪಡುತ್ತಿದ್ದವಳಿಗೆ ನಾಚಿಕೆಯಾಯಿತು.

"ಸಂಜೆ ಅಕ್ಕನ ಕೈಲಿ ಕೊಟ್ಟು ರಿಪೇರಿ ಮಾಡಿಸ್ಕೊಂಡು ಬರ್ತೀನಿ," ಎಂದು ಹೇಳಿ ಅವಳೇ ಗುಂಡಿ ಒತ್ತಿ ಆರಿಸಿದಳು. ಬಿಟ್ಟುಬಂದ ಪೆಟ್ಟಿಗೆ ಹಿಂದಿನ ಸಾಲಿನಲ್ಲೇ ಇತ್ತು. ಅದನ್ನು ತರಲು ಹೋದಳು. ಉಳಿದವರಿಗೆ ಸಿಕ್ಕಿದ್ದು ಮೇಲಿನ ಪೆಟ್ಟಿಗೆಗಳ ಕೆಲಸ. ಅವರಿಗೆ ತಲೆ ಸ್ವಲ್ಪ ಭಾರ ಅನ್ನಿಸಿತಂತೆ, ಅಷ್ಟೇ. ತಂಗಿ ಹೊರಗೆ ಬಂದಿಲ್ಲ ಎಂಬುದು ಗೊತ್ತಾದದ್ದು ಲಾರಿ ಹೊರಟ ಮೇಲೆ. ಹಿಂದಿನ ಸಾಲಿನಲ್ಲಿ ಪೆಟ್ಟಿಗೆಯ ಪಕ್ಕ ಬಿದ್ದಿದ್ದಳು.

ಜೀವ ಉಳಿಯಿತು. ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದರು: "ಕಣ್ಣಿಗೆ ಏನೂ ಆಗಿಲ್ಲ. ಕಣ್ಣು ಕಳಿಸಿದ್ದನ್ನ ತಗೊಳ್ಳೋ ಮಿದುಳಿನ ಭಾಗ ಇದೆಯಲ್ಲ, ಅದಕ್ಕೆ ಉಸಿರು ಸಿಗಲಿಲ್ಲ. ದೃಷ್ಟಿ ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ." ಇದನ್ನು ಅವರು ಬೇರೆಯವರಿಗೆ ಎರಡು ಮೂರು ಸಲ ಬಿಡಿಸಿ ಹೇಳಬೇಕಾಗುತ್ತಿತ್ತೋ ಏನೋ. ಅಕ್ಕನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಸಿಗ್ನಲ್ಲು ಬರುತ್ತಿದೆ, ರಿಸೀವರು ಓದುತ್ತಿಲ್ಲ.

ಎರಡು ದಿನ ಕಳೆದು ಆಫೀಸಿಗೆ ಹೋದರೆ ಚಿಲ್ಲರೆ ಸಾಹೇಬ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತ. ಮುಖದಲ್ಲಿ ಮರುಕ ಇತ್ತು, ದನಿಯಲ್ಲಿ ನಿರಾಳ.

"ಡಬ್ಬಿಗಳನ್ನ ತರಿಸಿ ಓದಿದ್ವಿ, ವಾಪಸ್ಸೂ ಕಳಿಸಾಯ್ತು. ನಿನ್ನ ತಂಗಿ ಗುಂಡಿ ಒತ್ತಿ ಆರಿಸಿದ್ದು ಅದರಲ್ಲೇ ದಾಖಲಾಗಿದೆ. ಮಿಕ್ಕವರ ಡಬ್ಬೀಲಿ ಅನಿಲ ಸೊನ್ನೆ, ಅಂದ್ರೆ ಅವಳದು ಕೂಗಿದಾಗ ಸೋರಿಕೆ ಇರ್ಲಿಲ್ಲ, ಆಮೇಲೆ ಹಿಂದಿನ ಸಾಲಲ್ಲಿ ಮಾತ್ರ ಸೋರಿದೆ. ನಮ್ಮ ಕಡೆಯಿಂದ ಏನೂ ತಪ್ಪಿಲ್ಲ ಅಂತ ಶೈತ್ಯಾಗಾರದವರಿಗೆ ಬರೆದುಕೊಟ್ವಿ. ನೀನು ಎಷ್ಟು ದಿನ ಬೇಕಾದ್ರೂ ರಜೆ ತಗೋಮ್ಮ."

ಊರು ಕೊಳ್ಳೆ ಹೋದ ಮೇಲೂ ಕೋಟೆ ಬಾಗಿಲು ಹಾಕದ ಜನ ಇರುತ್ತಾರೆ, ಕೊಳ್ಳೆ ಹೋಗಿಯೇ ಇಲ್ಲ ಎಂದು ಬರೆದುಕೊಡುವ ಜನ. ಅಕ್ಕನಿಗೆ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಬಾರಿಸಲಿಲ್ಲ. ಬ್ಯಾಗು ಎತ್ತಿಕೊಂಡು ಆಸ್ಪತ್ರೆಗೆ ಬಂದಳು.

ತಂಗಿಗೆ ಎಚ್ಚರವಿತ್ತು. ಕಣ್ಣು ತೆರೆದೇ ಇದ್ದವು, ಬಾಗಿಲ ಕಡೆಗೇ ಇದ್ದವು, ಆದರೆ ಅಕ್ಕ ಮಂಚದ ಹತ್ತಿರ ಬಂದು ಕುರ್ಚಿ ಎಳೆಯುವ ತನಕ ಯಾರು ಎಂದು ತಿಳಿಯಲಿಲ್ಲ. ಮಾತು ತಡೆದು ತಡೆದು ಬರುತ್ತಿತ್ತು.

"ಅಕ್ಕಾ, ಬೈಬೇಡ."

"ಯಾಕೆ ಬೈಲಿ?"

"ನಿನ್ನ ಡಬ್ಬಿ ನಾನೇ ಹಾಳು ಮಾಡ್ದೆ ಕಣೇ. ಬೆವರೋ ಉಸಿರೋ ಒಳಗೆ ಹೋಗ್ಬಿಟ್ಟಿತ್ತು. ಸುಮ್ಸುಮ್ನೆ ಕೂಗ್ತು. ಅದಕ್ಕೇ ಆರಿಸ್ಬಿಟ್ಟೆ. ಆಫೀಸಲ್ಲಿ ನಿನ್ನ ಮೇಲೆ ಏನಾದ್ರೂ ಬಂತಾ? ನನ್ನಿಂದ ನಿನ್ನ ಕೆಲಸಕ್ಕೆ ತೊಂದ್ರೆ ಆಯ್ತಾ?"

ಅಕ್ಕನಿಗೆ ಅಳು ಒತ್ತಿಕೊಂಡು ಬಂತು. ಸುಮ್ಮನೆ "ಇಲ್ಲ ಬಿಡು" ಎಂದುಬಿಡಬಹುದಾಗಿತ್ತು. ತಂಗಿ ಜೀವಮಾನವಿಡೀ ತನ್ನದೇ ತಪ್ಪು ಎಂದುಕೊಂಡು ಕತ್ತಲೆಯಲ್ಲಿ ಇರುತ್ತಿದ್ದಳು, ಅಕ್ಕನನ್ನು ಪ್ರೀತಿಸುತ್ತಲೇ ಇರುತ್ತಿದ್ದಳು. ಹಾಗೆ ಮಾಡುವ ಆಸೆ ಅಕ್ಕನಿಗೆ ಬಂತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

"ನಿಂದು ಕೆಟ್ಟಿರ್ಲಿಲ್ಲ," ಎಂದಳು. "ನಿಂದೊಂದೇ ಸರಿಯಾಗಿದ್ದಿದ್ದು. ಚಳೀಲಿ ಆನ್ ಮಾಡಿದ್ರೆ ಅದು ತಪ್ಪು ಓದಿಕೊಳ್ಳುತ್ತೆ. ಕೊಕ್ಕೇಲಿದ್ದ ಯಾವುದಕ್ಕೂ ಕೂಗೋಕಾಗಲ್ಲ. ನಂಗೆ ಗೊತ್ತಿತ್ತು. ಬ್ಯಾಟರಿ ಅಂತ ಸುಳ್ಳು ಹೇಳ್ದೆ."

ಪಕ್ಕದ ಮಂಚದವಳು ಕೆಮ್ಮಿದಳು. ಯಾರೋ ಗಾಲಿಯ ಮಂಚ ತಳ್ಳಿಕೊಂಡು ಹೋದರು.

"ಮಿಕ್ಕವರದ್ದು?" ಎಂದಳು ತಂಗಿ.

"ಏನು?"

"ಮಿಕ್ಕವರ ಡಬ್ಬಿ. ಅವು ಈಗ ಎಲ್ಲಿವೆ?"

"ವಾಪಸ್ ಕಳಿಸಿದಾರೆ," ಎಂದಳು ಅಕ್ಕ.

"ಬೆಳಗ್ಗೆ ದೊಡ್ಡಮ್ಮ ಬಂದಿದ್ಲು," ತಂಗಿ ಹೇಳಿದಳು. "ಸೋರ್ತಿದ್ದ ಕೊಳವೆಗೆ ತೇಪೆ ಹಾಕಿದಾರಂತೆ. ಮಧ್ಯಾಹ್ನದಿಂದ ಮತ್ತೆ ಕೆಲಸ ಅಂತ ಹೋದ್ಲು. ಈಗ ಮಧ್ಯಾಹ್ನ ಆಗಿದೆ ತಾನೇ? ನಂಗೆ ಗೊತ್ತಾಗಲ್ಲ."

"ಆಗಿದೆ."

"ಮತ್ತೆ ಇಲ್ಲಿ ಕೂತು ಏನ್ ಮಾಡ್ತಿದೀಯಾ ನೀನು?"

ಮೇಸ್ತ್ರಿಯ ನಂಬರು ತಂಗಿಯ ಫೋನಿನಲ್ಲಿತ್ತು. ಅಕ್ಕ ಅದನ್ನು ಹಿಡಿದುಕೊಂಡು ಹೊರಗಿನ ಮೊಗಸಾಲೆಗೆ ಬಂದಳು. ಆಚೆ ಕಡೆ ಮೇಸ್ತ್ರಿ ಮೊದಲು ತಂಗಿಯ ಆರೋಗ್ಯ ವಿಚಾರಿಸಿದ, ಆಮೇಲೆ ಹೇಳಿದ: "ಏನು ಮಾಡೋಣಮ್ಮ, ಅವಳದೊಂದೇ ಕೆಟ್ಟೋಗಿತ್ತು. ಮಿಕ್ಕಿದ್ದೆಲ್ಲ ಸರಿ ಇವೆ ಅಂತ ನಿಮ್ಮ ಕಂಪನಿಯವರೇ ಬರೆದು ಕೊಟ್ಟಿದಾರೆ."

"ಅವರು ಬರೆದಿದ್ದು ಸುಳ್ಳು. ಆ ಡಬ್ಬಿ ಒಳಗಿರೋದನ್ನ ಮಾಡಿದವಳು ನಾನೇ. ಚಳೀಲಿ ನೇತುಹಾಕಿದ್ದು ಯಾವುದೂ ಕೂಗಲ್ಲ, ನೀವು ಅನಿಲದೊಳಗೆ ಮುಳುಗಿಸಿದ್ರೂ ಸೊನ್ನೆನೇ ತೋರ್ಸುತ್ತೆ. ಎಲ್ಲಾರ್ನೂ ಹೊರಗೆ ಕರೀರಿ. ಈಗ್ಲೇ."

ಅವಳು ಕಿರುಚುತ್ತಿದ್ದಳು. ಮೊಗಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬರೆದು ಕೊಡಿ ಎನ್ನುತ್ತಾನೆ, ಮೇಲಿನವರನ್ನು ಕೇಳುತ್ತೇನೆ ಎನ್ನುತ್ತಾನೆ, ನೀವು ಯಾರು ಹೇಳುವುದಕ್ಕೆ ಎನ್ನುತ್ತಾನೆ ಎಂದು ಅವಳು ಕಾದಳು. ತಾನು ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದದ್ದು ಇಂಥ ಮಾತುಗಳ ಭಯಕ್ಕೇ ಎಂದು ಅವಳು ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಮೇಸ್ತ್ರಿ ಅಂಥದ್ದೇನೂ ಅನ್ನಲಿಲ್ಲ. "ಅಯ್ಯೋ ದೇವರೇ" ಎಂದ, ಫೋನನ್ನು ಕೈಲಿ ಹಿಡಿದುಕೊಂಡೇ ಓಡಿದ. ದಪ್ಪ ಬಾಗಿಲು ತೆರೆದದ್ದು ಕೇಳಿಸಿತು, ಅವನು ಗಂಟಲು ಹರಿಯುವಂತೆ ಕರೆದದ್ದು ಕೇಳಿಸಿತು, ಹೆಂಗಸರ ಮಾತು ಹತ್ತಿರವಾಯಿತು. ದೊಡ್ಡಮ್ಮ ಫೋನು ಇಸಿದುಕೊಂಡಳು.

"ಏನಮ್ಮಾ? ಎಲ್ಲಾ ಹೊರಗೆ ಬಂದ್ವಿ. ಮಗು ಹೇಗಿದಾಳೆ?"

ಇದ್ದಾಳೆ ಎಂದಳು ಅಕ್ಕ. ಒಳಗೆ ಬಂದಾಗ ತಂಗಿ ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿದಳು.

"ಬಂದ್ರಾ?"

"ಬಂದ್ರು. ದೊಡ್ಡಮ್ಮನ ಹತ್ರಾನೂ ಮಾತಾಡ್ದೆ."

"ಮೇಸ್ತ್ರಿಗೆ ಏನಂತ ಹೇಳ್ದೆ?"

"ಡಬ್ಬಿಗಳು ಸರಿ ಇಲ್ಲ, ಎಲ್ಲಾರ್ನೂ ಹೊರಗೆ ಕರೀರಿ ಅಂದೆ."

"ಅಷ್ಟೇನಾ?"

"ಅಷ್ಟೇ."

"ಅಷ್ಟಕ್ಕೇ ಬಂದ್ಬಿಟ್ರಾ ಎಲ್ಲಾರೂ?"

"ಹೂಂ."

ತಂಗಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಅಕ್ಕ ಅವಳ ಕೈ ಹಿಡಿಯಲು ಹೋದಳು. ತಂಗಿ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.